ತತ್ತಿಯ ಬುತ್ತಿ

ಹಾಲಿನ ವ್ಯಾನುಗಳ ಹೊರತು ಬೆಂಗಳೂರಿನ ರಸ್ತೆಗಳಲ್ಲಿ ಇನ್ನೇನೂ ಓಡಾಡದ ಹೊತ್ತು. ಕಸಾಯಿಖಾನೆಯ ಹಿಂಬಾಗಿಲಲ್ಲಿ ಒಂದು ಆಟೊ ಎಂಜಿನ್ ಆರಿಸಿ ನಿಂತಿದೆ. ಒಳಗಿನಿಂದ ಮಸೆಗಲ್ಲಿಗೆ ಕತ್ತಿ ಸವರುವ ಸದ್ದು, ಸಿಮೆಂಟು ನೆಲಕ್ಕೆ ಬಕೆಟ್ಟಿನಿಂದ ನೀರೆರಚುವ ಸದ್ದು, ನಡುವೆ ಯಾರದೋ ಮೊಬೈಲಿನಲ್ಲಿ ಸಣ್ಣಗೆ ಕವ್ವಾಲಿ. ಬಿಸಿ ರಕ್ತ, ಒದ್ದೆ ಉಣ್ಣೆ, ಫಿನಾಯಿಲು ಮೂರೂ ಬೆರೆತ ವಾಸನೆ ಮೊದಲು ಮೂಗಿಗೆ ಹೊಡೆದು, ಆಮೇಲೆ ಗಂಟಲಿಗಿಳಿದು, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅಭ್ಯಾಸವಾಗಿಬಿಡುತ್ತದೆ. ನಾವಿಬ್ಬರೂ ಗೋಡೆಗೆ ಒತ್ತಿಕೊಂಡು ನಿಲ್ಲೋಣ, ಕೆಲಸದವರ ಕಾಲಿಗೆ ಅಡ್ಡ ಬರುವುದು ಬೇಡ. ಅಲ್ಲಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಗಂಬೂಟು ಹಾಕಿಕೊಂಡು, ಅಗಲ ಬಾಯಿಯ ಸ್ಟೀಲ್ ಥರ್ಮಾಸನ್ನು ಎದೆಗವಚಿಕೊಂಡು ನಿಂತಿದ್ದಾಳಲ್ಲ, ಬಾಗಲಕೋಟೆ ಕಡೆಯ ಆ ಹುಡುಗಿಯ ಹಿಂದೆಯೇ ನಾವು ಬಂದಿರುವುದು. ಪಶುವಿಜ್ಞಾನದ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಮನೆಯಲ್ಲಿ ಅಪ್ಪ ಕುರಿ ಕಾಯುತ್ತಾರೆ.

"ಬಾಮ್ಮಾ, ಇವತ್ತು ಹೆಣ್ಣು ಕುರಿ ಜಾಸ್ತಿ ಇದೆ," ಎನ್ನುತ್ತಾರೆ ಒಳಗಿನ ಹಿರಿಯರು. ಅವಳು ಅವರನ್ನು ಚಾಚಾ ಎನ್ನುತ್ತಾಳೆ. ಅವರ ಬೆರಳುಗಳು ರಾಶಿಯೊಳಗೆ ನುಗ್ಗಿ ಗರ್ಭಕೋಶವನ್ನು ನೋಡದೆಯೇ ಹುಡುಕಿ ತೆಗೆಯುತ್ತವೆ, ಅದರ ಅಕ್ಕಪಕ್ಕ ಅಂಟಿಕೊಂಡ ಎರಡು ಪುಟ್ಟ ಗಂಟುಗಳನ್ನು ಒಂದೊಂದೇ ಕಡಿತಕ್ಕೆ ಬಿಡಿಸಿ ಅವಳು ಚಾಚಿದ ಥರ್ಮಾಸಿಗೆ ಹಾಕುತ್ತವೆ. ತುಳುಕ್ ಎನ್ನುತ್ತದೆ ಒಳಗಿನ ಬೆಚ್ಚನೆಯ ಸಲೈನ್ ನೀರು. ಮಾಂಸ ಮಾರುಕಟ್ಟೆಗೆ ಹೋಗುತ್ತದೆ, ಚರ್ಮ ಹದಕ್ಕೆ ಹೋಗುತ್ತದೆ, ಈ ಗಂಟುಗಳು ತೊಟ್ಟಿಗೆ ಹೋಗಬೇಕಾದವು. ಅವೇ ಅಂಡಾಶಯಗಳು. ಬೆಳಕು ಹರಿಯುವಷ್ಟರಲ್ಲಿ ಅರವತ್ತರಷ್ಟು ಕೂಡಿವೆ. ಅವಳು ಮುಚ್ಚಳ ಬಿಗಿದು ಆಟೊ ಹತ್ತಿ, ದಾರಿಯುದ್ದಕ್ಕೂ ಥರ್ಮಾಸನ್ನು ತೊಡೆಯಿಂದ ಇಳಿಸುವುದಿಲ್ಲ. ರಸ್ತೆ ಉಬ್ಬು ಬಂದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಳ್ಳುತ್ತಾಳೆ. ತಣ್ಣಗಾಗಬಾರದು, ತಡವಾಗಬಾರದು. ಕುರಿ ಸತ್ತಿದೆ. ಅದರೊಳಗಿನ ತತ್ತಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ನಮ್ಮ ಮೈಸೂರು ಕಡೆ ಮೊಟ್ಟೆ ಎನ್ನುತ್ತೇವೆ, ಅವಳ ಬಾಯಲ್ಲಿ ತತ್ತಿ. ಪುಸ್ತಕದ ಕನ್ನಡದಲ್ಲಿ ಅಂಡಾಣು. ಮೂರು ದಿನ ಅವಳ ಜೊತೆ ಓಡಾಡಿದ ಮೇಲೆ ನನಗೆ ಅವಳ ಮಾತೇ ಹಿಡಿಸಿಬಿಟ್ಟಿತು.

ಲ್ಯಾಬಿನ ಸಿಂಕಿನ ಮೇಲೆ ಥರ್ಮಾಸು ಬಗ್ಗುತ್ತದೆ. ಮೊದಲ ತೊಳೆತಕ್ಕೆ ನೀರು ಕೆಂಪು, ಎರಡನೆಯದಕ್ಕೆ ಗುಲಾಬಿ, ನಾಲ್ಕನೆಯದಕ್ಕೆ ತಿಳಿ. ಸಣ್ಣ ಕತ್ತರಿಯಿಂದ ಸುತ್ತಲಿನ ಕೊಬ್ಬು, ಪೊರೆ ಬಿಡಿಸಿದ ಮೇಲೆ ಉಳಿಯುವ ಅಂಡಾಶಯವು ರಾತ್ರಿಯಿಡೀ ನೆನೆದ ದಪ್ಪ ಅವರೆಕಾಳಿನಷ್ಟಿದೆ. ಬಣ್ಣವೂ ಹೆಚ್ಚುಕಡಿಮೆ ಅದೇ. ಮೈತುಂಬ ನೀರುಗುಳ್ಳೆಗಳು, ಸಾಸಿವೆಯಷ್ಟರಿಂದ ಹಿಡಿದು ಕಡಲೆಬೇಳೆಯಷ್ಟರವರೆಗೆ. ದೀಪಕ್ಕೆ ಹಿಡಿದರೆ ಒಳಗಿನ ದ್ರವ ಮಿನುಗುತ್ತದೆ. 1672ರಲ್ಲಿ ಡಚ್ ವೈದ್ಯ ರೇನಿಯರ್ ಡಿ ಗ್ರಾಫ್ ಇಂಥ ಗುಳ್ಳೆಗಳನ್ನೇ ನೋಡಿ ಇವೇ ಮೊಟ್ಟೆಗಳೆಂದು ಬರೆದ. ಅವನು ನಿಜದಿಂದ ಹೆಚ್ಚು ದೂರವೇನೂ ಇರಲಿಲ್ಲ, ಆದರೆ ಆ ಕೊನೆಯ ಹೆಜ್ಜೆ ಇಡಲು 155 ವರ್ಷ ಬೇಕಾಯಿತು. 1827ರಲ್ಲಿ ಕೋನಿಗ್ಸ್‌ಬರ್ಗ್ ಊರಿನ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಒಂದು ನಾಯಿಯ ಅಂಡಾಶಯದ ಗುಳ್ಳೆಯೊಳಗೆ ಹಳದಿ ಚುಕ್ಕಿಯೊಂದನ್ನು ಕಂಡು, ಅದನ್ನೆತ್ತಿ ಸೂಕ್ಷ್ಮದರ್ಶಕದಡಿ ಇಟ್ಟ. ಸಸ್ತನಿಯ ಅಂಡಾಣು ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದು ಹಾಗೆ. ಅಷ್ಟು ಹೊತ್ತಿಗೆ ಯುರೇನಸ್ ಗ್ರಹ ಸಿಕ್ಕಿ 46 ವರ್ಷಗಳೇ ಆಗಿದ್ದವು. ನಮ್ಮ ಹುಟ್ಟಿನ ಮೊದಲ ಚುಕ್ಕಿ ನಮಗೆ ದೂರದ ಗ್ರಹಕ್ಕಿಂತ ತಡವಾಗಿ ಕಂಡಿದೆ.

ಈಗ ಸಿರಿಂಜು. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಅಂಡಾಶಯ ಹಿಡಿದು, ಸೂಜಿಯನ್ನು ಗುಳ್ಳೆಗೆ ನೇರವಾಗಿ ಚುಚ್ಚದೆ ಪಕ್ಕದ ಗಟ್ಟಿ ಭಾಗದಿಂದ ಓರೆಯಾಗಿ ತೂರಿಸಿ, ಮೆಲ್ಲಗೆ ಎಳೆಯುತ್ತಾಳೆ. ಗುಳ್ಳೆ ಕುಗ್ಗುತ್ತದೆ. ಇನ್ನೊಂದು, ಮತ್ತೊಂದು. ಫ್ಯಾನು ಆಫ್, ಏಸಿ ಆಫ್. ತಂಗಾಳಿ ತಗುಲಿದರೆ ತತ್ತಿಗೆ ಒಗ್ಗುವುದಿಲ್ಲವೆಂದು ಕಿಟಕಿಗೆ ಪರದೆ. ಅವಳ ಹಣೆಯಲ್ಲಿ ಬೆವರು ಮೂಡಿ ಹುಬ್ಬಿನವರೆಗೆ ಇಳಿದು ಅಲ್ಲೇ ನಿಲ್ಲುತ್ತದೆ, ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಎಳೆದ ದ್ರವವನ್ನೆಲ್ಲ ಗೆರೆ ಹಾಕಿದ ಗಾಜಿನ ತಟ್ಟೆಗೆ ಸುರಿದು, ಬೆಚ್ಚನೆಯ ಮಣೆಯ ಮೇಲಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಮೆಂತ್ಯದ ರಾಶಿಯಲ್ಲಿ ಕಲ್ಲು ಆರಿಸುವವರಂತೆ ಸಾಲು ಸಾಲಾಗಿ ಸರಿಯುತ್ತ ಹೋಗುತ್ತಾಳೆ. ಬಹಳ ಹೊತ್ತು ಏನೂ ಮಾತಿಲ್ಲ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ, "ಇಲ್ಲೈತ್ರಿ ಸರ, ಬರ್ರಿ ನೋಡ್ರಿ," ಎನ್ನುತ್ತಾಳೆ.

ನೀವೂ ಬಗ್ಗಿ ನೋಡಿ. ಮೊದಲು ಕಾಣುವುದು ಬರೀ ಕಸ, ಒಡೆದ ರಕ್ತಕಣಗಳ ಮಂಜು. ಕಣ್ಣು ನೆಲೆಗೊಂಡ ಮೇಲೆ ನಡುವೆ ಒಂದು ದುಂಡನೆಯ ಕಂದು ಮುತ್ತು. ಅದರ ಸುತ್ತ ಗಾಜಿನ ಬಳೆಯಂತೆ ಹೊಳೆಯುವ ಒಂದು ಪದರ. ಅದರಾಚೆಗೆ ಗಸಗಸೆಯಲ್ಲಿ ಹೊರಳಿಸಿದ ಉಂಡೆಯಂತೆ ಒತ್ತೊತ್ತಾಗಿ ಮೆತ್ತಿಕೊಂಡ ಪುಟಾಣಿ ಕೋಶಗಳು. ಒಳಗಿನ ಮುತ್ತಿನ ಅಡ್ಡಳತೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು, ಅಷ್ಟೆ. ಮೈಯಲ್ಲಿ ಇದಕ್ಕಿಂತ ದುಂಡುದಪ್ಪನೆಯ ಕೋಶ ಬೇರೊಂದಿಲ್ಲ. ಬರಿಗಣ್ಣಿಗೆ ಬಿಸಿಲುಕೋಲಿನ ಧೂಳಿನಷ್ಟು ಕಂಡೂ ಕಾಣದಂತಿರುತ್ತದೆ.

ಆ ಗಾಜಿನ ಬಳೆಯ ಹೆಸರು ಜೋನಾ ಪೆಲ್ಲುಸಿಡಾ. ಇಲಿಯಲ್ಲಿ ಅದನ್ನು ನೇಯುವುದಕ್ಕೆ ಮೂರು ಪ್ರೋಟೀನುಗಳು, ಮನುಷ್ಯರಲ್ಲಿ ನಾಲ್ಕು. ಅವುಗಳ ವಂಶವಾಹಿಗಳು, ಅಂದರೆ ಜೀನುಗಳು, ಮೈಯ ಹೆಚ್ಚುಕಡಿಮೆ ಪ್ರತಿ ಕೋಶದಲ್ಲೂ ಇವೆ. ಕಣ್ಣಿನ ಕೋಶದಲ್ಲಿವೆ, ಉಗುರಿನ ಬುಡದಲ್ಲಿವೆ, ಗಂಡಿನ ಮೈಯಲ್ಲೂ ಇವೆ. ಎಲ್ಲ ಕಡೆ ಬಾಗಿಲು ಮುಚ್ಚಿಕೊಂಡು ಮಲಗಿರುವ ಅವು ಬಾಯಿ ತೆರೆಯುವುದು ಬೆಳೆಯುತ್ತಿರುವ ತತ್ತಿಯೊಳಗೆ. ಯಾವ ಕೋಶದಲ್ಲಿ, ಯಾವ ಹೊತ್ತಿಗೆ, ಯಾವ ಜೀನು ಬಾಯಿ ತೆರೆಯುತ್ತದೆ, ಅದರ ಮಾತು ಆರ್‌ಎನ್‌ಎ ಎಂಬ ಚೀಟಿಯಾಗಿ ಹೊರಬಂದು ಯಾವಾಗ ಪ್ರೋಟೀನಾಗಿ ಅಡುಗೆಯಾಗುತ್ತದೆ, ಈ ಹುಡುಗಿ ನಾಲ್ಕು ವರ್ಷದಿಂದ ಬೆನ್ನು ಹತ್ತಿರುವುದು ಇದನ್ನೇ.

ತಟ್ಟೆಯ ಮೇಲಿನ ಈ ತತ್ತಿಗೆ ಕುರಿಯಷ್ಟೇ ವಯಸ್ಸಲ್ಲ, ಕುರಿಗಿಂತ ಹೆಚ್ಚು. ಕುರಿ ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿ ಬೆರಳುದ್ದದ ಮರಿಯಾಗಿದ್ದಾಗಲೇ ತತ್ತಿಗಳ ಪೈರು ಎದ್ದಿರುತ್ತದೆ. ಮನುಷ್ಯರಲ್ಲಿ ಬಸಿರಿನ ಇಪ್ಪತ್ತನೆಯ ವಾರದ ಹೊತ್ತಿಗೆ ಹೆಣ್ಣು ಭ್ರೂಣದೊಳಗೆ 60ರಿಂದ 70 ಲಕ್ಷ ತತ್ತಿಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ ಮೂರು ನಾಲ್ಕು ಲಕ್ಷ. ಇಡೀ ಬದುಕಿನಲ್ಲಿ ಹಣ್ಣಾಗಿ ಹೊರಬರುವುದು ಹೆಚ್ಚೆಂದರೆ ನಾನೂರೈನೂರು. ಉಳಿದವೆಲ್ಲ ಸದ್ದಿಲ್ಲದೆ ಕರಗುತ್ತವೆ. ಹುಟ್ಟುವ ಮುನ್ನವೇ ತತ್ತಿ ತನ್ನ ವರ್ಣತಂತುಗಳನ್ನು ಜೋಡಿ ಕಟ್ಟಿ, ಹಂಚಿಕೊಳ್ಳುವ ಕೆಲಸ ಶುರುಮಾಡಿ, ಅರ್ಧಕ್ಕೇ ಕೈ ತಡೆದು ನಿಂತುಬಿಡುತ್ತದೆ. ಆ ನಿಲುಗಡೆ ಇಲಿಯಲ್ಲಿ ತಿಂಗಳುಗಟ್ಟಲೆ, ಕುರಿಯಲ್ಲಿ ವರ್ಷಗಟ್ಟಲೆ, ಹೆಂಗಸಿನಲ್ಲಿ ನಲವತ್ತು ವರ್ಷವಾದರೂ ಆದೀತು. ಜೋಡಿಯನ್ನು ಬಿಗಿದು ಹಿಡಿದಿರುವ ಪ್ರೋಟೀನಿನ ಉಂಗುರಗಳು ಹುಟ್ಟುವ ಮುಂಚೆ ತೊಡಿಸಿದವು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ ಆಮೇಲೆ ಹೊಸದನ್ನು ತೊಡಿಸುವುದಿಲ್ಲ. ವಯಸ್ಸಾದಂತೆ ಉಂಗುರ ಸಡಿಲಾಗುತ್ತದೆ, ಹಂಚಿಕೆ ತಪ್ಪುತ್ತದೆ. ನಲವತ್ತರ ಆಸುಪಾಸಿನ ಬಸಿರುಗಳು ಅಷ್ಟೊಂದು ಸಲ ನಿಲ್ಲದೆ ಹೋಗುವುದಕ್ಕೆ ಒಂದು ದೊಡ್ಡ ಕಾರಣ ಇಲ್ಲಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಫೈಲು ಹಿಡಿದು ಕೂತು, ಎಲ್ಲಿ ತಪ್ಪು ಮಾಡಿದೆನೋ ಎಂದು ತನ್ನನ್ನೇ ಹಳಿದುಕೊಳ್ಳುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ತಾವು ಹುಟ್ಟುವ ಮೊದಲೇ ತೊಡಿಸಿದ ಉಂಗುರ ಸವೆದದ್ದಕ್ಕೆ ಅವರು ಹೇಗೆ ಹೊಣೆಯಾದಾರು? ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಅವರಿಗೆ ತಿಳಿಹೇಳಬೇಕು.

ನಿಂತ ತತ್ತಿ ಬೆಳೆಯತೊಡಗುವುದು ಆಮೇಲೆ, ಒಂದಿಷ್ಟಕ್ಕೆ ಮಾತ್ರ ಕರೆ ಬಂದಾಗ. ಈ ಘಟ್ಟವನ್ನು ಅವಳು ವಿವರಿಸಿದ ಬಗೆಯನ್ನು ನಾನು ಮರೆಯಲಾರೆ. ಕೈಗವಸು ತೆಗೆದು, ಕಾರಿಡಾರಿನ ಕಟ್ಟೆಯ ಮೇಲೆ ಕೂತು, ಟಿಫಿನ್ ಡಬ್ಬಿ ಬಿಚ್ಚುತ್ತ ಹೇಳಿದಳು: "ಅಪ್ಪ ಕುರಿ ಹೊಡಕೊಂಡು ಹೊಂಟಾಗ ಅವ್ವ ಬುತ್ತಿ ಕಟ್ತಾಳಲ್ರಿ ಸರ, ಹಂಗ. ಮೊದಲ ದಿನಾ ಉಣ್ಣೂದು ಮ್ಯಾಲ, ಎಂಟು ದಿನಾ ತಡಿಯೂದು ತಳಕ್ಕ. ದಾರ್ಯಾಗ ಅವ್ವ ಇರೂದಿಲ್ಲಲ್ರಿ."

ಮೊಸರನ್ನ ಮೇಲೆ, ಖಡಕ್ ರೊಟ್ಟಿ ಕೆಳಗೆ, ಶೇಂಗಾ ಚಟ್ನಿಪುಡಿಯ ಗಂಟು ಮೂಲೆಯಲ್ಲಿ. ತತ್ತಿ ಬೆಳೆಯುವ ದಿನಗಳೆಂದರೆ ಇಂಥ ಅಡುಗೆಮನೆಯ ಗಡಿಬಿಡಿ. ಇಲಿಯಲ್ಲಿ ಎರಡು ಮೂರು ವಾರದಲ್ಲಿ ತತ್ತಿಯ ಗಾತ್ರ ನೂರಾರು ಪಟ್ಟು ಉಬ್ಬುತ್ತದೆ. ಹತ್ತು ಸಾವಿರಕ್ಕೂ ಮಿಕ್ಕ ಜೀನುಗಳಿಂದ ಚೀಟಿಗಳು ಬರುತ್ತವೆ. ಕೊನೆಗೆ ಅದರೊಳಗೆ ಕೂಡಿದ ಆರ್‌ಎನ್‌ಎ ತೂಗಿದರೆ ಒಂದು ಗ್ರಾಮಿನ ಇನ್ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು. ಕೇಳಲು ಏನೂ ಅಲ್ಲ, ಆದರೆ ಮೈಯ ಮಾಮೂಲಿ ಕೋಶವೊಂದರಲ್ಲಿರುವುದಕ್ಕಿಂತ ಅದು ಹತ್ತಾರು ಪಟ್ಟು ಹೆಚ್ಚು. ಸುತ್ತಲಿನ ಗಸಗಸೆ ಕೋಶಗಳು ಗಾಜಿನ ಬಳೆಯೊಳಗಿಂದ ಬೆರಳು ತೂರಿಸಿ ತತ್ತಿಯನ್ನು ಮುಟ್ಟಿ, ಅದು ತಾನೇ ಅರಗಿಸಿಕೊಳ್ಳಲಾಗದ ಸಕ್ಕರೆಯನ್ನು ಅರೆದು ಕೊಡುತ್ತವೆ, ತಾನೇ ಮಾಡಿಕೊಳ್ಳಲಾಗದ ಕೆಲವು ಅಮೈನೊ ಆಮ್ಲಗಳನ್ನು ದಾಟಿಸುತ್ತವೆ.

ತತ್ತಿಯೂ ಸುಮ್ಮನೆ ಉಣ್ಣುತ್ತ ಕೂರುವುದಿಲ್ಲ. ಜಿಡಿಎಫ್-9, ಬಿಎಂಪಿ-15 ಎಂಬ ಎರಡು ಪ್ರೋಟೀನುಗಳನ್ನು ಮಾಡಿ ಹೊರಗೆ ಬಿಡುತ್ತದೆ. ಇವು ಸುತ್ತಲಿನ ಕೋಶಗಳಿಗೆ ಹೇಳಿ ಕಳಿಸಿದ ಮಾತು. ಹೆಚ್ಚಿರಿ, ಸುತ್ತ ಕಟ್ಟಿರಿ ಎಂಬ ಅಪ್ಪಣೆ. 1996ರಲ್ಲಿ ಅಮೆರಿಕದಲ್ಲಿ ಜಿಡಿಎಫ್-9 ಇಲ್ಲದ ಇಲಿಗಳನ್ನು ಮಾಡಿ ನೋಡಿದಾಗ, ಅವುಗಳ ಗುಳ್ಳೆಗಳು ಒಂದೇ ಸುತ್ತಿನ ಕೋಶಗಳಲ್ಲಿ ನಿಂತುಹೋದವು, ಇಲಿಗಳು ಬಂಜೆಯಾದವು. ಗುಳ್ಳೆ ತತ್ತಿಯನ್ನು ಬೆಳೆಸುತ್ತದೆ ಎಂದುಕೊಂಡಿದ್ದವರಿಗೆ ತತ್ತಿಯೂ ಗುಳ್ಳೆಯನ್ನು ಬೆಳೆಸುತ್ತದೆಂದು ಆಗ ಖಾತ್ರಿಯಾಯಿತು.

ಬಿಎಂಪಿ-15ರ ಕತೆ ಹೇಳಿಕೊಟ್ಟದ್ದು ಕುರಿಗಳೇ. ನ್ಯೂಜಿಲೆಂಡಿನ ಇನ್ವರ್‌ಡೇಲ್ ಎಂಬ ಕುರಿಗಳಲ್ಲಿ ಆ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಹೆಚ್ಚು ಮರಿಗಳು, ಎರಡೂ ಕೆಟ್ಟಿದ್ದರೆ ಒಂದೂ ಇಲ್ಲ. 2000ದಲ್ಲಿ ಈ ಗಂಟು ಬಿಡಿಸಿದರು. ಮರುವರ್ಷ ಆಸ್ಟ್ರೇಲಿಯಾದ ಬೂರೂಲಾ ಕುರಿಗಳ ಸರದಿ. ಅವುಗಳಲ್ಲಿ ಬದಲಾಗಿದ್ದದ್ದು ಇಂಥ ಸಂದೇಶಗಳನ್ನು ಹಿಡಿಯುವ ಕೋಶದ ಕಿವಿ. ಕಿವಿ ಸ್ವಲ್ಪ ಮಂದವಾದರೆ ಒಂದೇ ಗುಳ್ಳೆ ಹಣ್ಣಾಗುವ ಕಡೆ ಎರಡು, ಮೂರು ಹಣ್ಣಾಗುತ್ತವೆ. ಆ ಬೂರೂಲಾಗಳ ಬೇರು ಹುಡುಕುತ್ತ ಹೋದರೆ ಬಂದು ನಿಲ್ಲುವುದು ಬಂಗಾಳದಲ್ಲಿ. 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ ಕುರಿಗಳಿದ್ದವು. ಸುಂದರಬನದ ಕೆಸರಿನಲ್ಲಿ ಮೇಯುವ ಗರೋಲ್ ಎಂಬ ಕುಳ್ಳ ಕುರಿಯಲ್ಲಿ ಅದೇ ಬದಲಾವಣೆ ಇರುವುದು 2002ರಲ್ಲಿ ಪತ್ತೆಯಾಯಿತು. ಅಷ್ಟರಲ್ಲಾಗಲೇ ನಮ್ಮ ನೆರೆಯ ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್ ಕುರಿಗಳನ್ನು ತಂದು ಡೆಕ್ಕನಿ ಕುರಿಗಳೊಡನೆ ಕೂಡಿಸುವ ಕೆಲಸಕ್ಕೆ ಇಳಿದಿದ್ದರು. ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ, ಡೆಕ್ಕನಿಯ ಮೈಕಟ್ಟು, ಗರೋಲಿನ ಜವಳಿ ಮರಿ ಎರಡೂ ಇರುವ ಸುವರ್ಣಾ ಎಂಬ ಕುರಿಯನ್ನು ಬೆಳೆಸಿದರು.

ಡೆಕ್ಕನಿ ಎಂದರೆ ಈ ಹುಡುಗಿಯ ಅಪ್ಪ ಕಾಯುವ ಕುರಿಯೇ. ಕಪ್ಪು ಉಣ್ಣೆ, ಗಟ್ಟಿ ಗೊರಸು, ಒಂದು ಸೂಲಿಗೆ ಒಂದೇ ಮರಿ. ಊರಿಗೆ ಹೋದಾಗ ಮಗಳು ಮೊಬೈಲಿನಲ್ಲಿ ತತ್ತಿಯ ಫೋಟೊ ತೋರಿಸಿದರೆ ಅಪ್ಪ ಅದನ್ನು ಬಹಳ ಹೊತ್ತು ನೋಡಿ, "ಇಷ್ಟರಾಗ ಏನೇನ್ ಐತೆವ್ವಾ?" ಎಂದು ಕೇಳಿದರಂತೆ. ಜವಳಿ ಮರಿಯ ವಿಷಯ ಹೇಳಿದಾಗ ಮಾತ್ರ ತಲೆಯಾಡಿಸಿ, ಎರಡು ಮರಿಗೆ ಹಾಲು ಸಾಲಬೇಕಲ್ಲ, ನಡೆಯುವ ಹಿಂಡಿನಲ್ಲಿ ಎರಡನ್ನು ಎತ್ತಿಕೊಳ್ಳುವವರು ಯಾರು ಎಂದರಂತೆ. ಆ ಪ್ರಶ್ನೆಯನ್ನು ಅವಳು ತನ್ನ ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ತೋರಿಸಿದಳು.

ಊಟ ಮುಗಿಯಿತು. ಮತ್ತೆ ತಟ್ಟೆಯ ಹತ್ತಿರ ಹೋಗೋಣ. ಆರಿಸಿದ ತತ್ತಿಗಳಲ್ಲಿ ಐವತ್ತನ್ನು ಅವಳು ಸುತ್ತಲಿನ ಕೋಶ ಬಿಡಿಸಿ ಬೇರೆ ತೆಗೆದು, ಕೊಳವೆಗೆ ಹಾಕಿ, ಮೈನಸ್ 80 ಡಿಗ್ರಿಯ ಪೆಟ್ಟಿಗೆಗೆ ಸೇರಿಸುತ್ತಾಳೆ. ಉಳಿದವನ್ನು ಎಣ್ಣೆ ಮುಚ್ಚಿದ ಹನಿಗಳಲ್ಲಿ ಹತ್ತು ಹನ್ನೆರಡರಂತೆ ಇಟ್ಟು ಇನ್‌ಕ್ಯುಬೇಟರಿಗೆ. ಒಳಗೆ 38.5 ಡಿಗ್ರಿ, ನೂರಕ್ಕೆ ಐದು ಪಾಲು ಇಂಗಾಲದ ಡೈಆಕ್ಸೈಡು, ಕನ್ನಡಿ ಮಂಜಾಗುವಷ್ಟು ತೇವ. ಕುರಿಯ ಮೈಯ ಒಳಗಿನ ಹವೆ ಅದು.

ನೀವು ಗಮನಿಸಿರಲಾರಿರಿ, ಸಿರಿಂಜು ಎಳೆದ ಆ ಗಳಿಗೆಯಲ್ಲೇ ಒಂದು ದೊಡ್ಡ ಸಂಗತಿ ನಡೆದುಹೋಗಿದೆ. ಗುಳ್ಳೆಯ ಗೋಡೆಯ ಕೋಶಗಳು ತತ್ತಿಗೆ ನಿಲ್ಲು, ನಿಲ್ಲು ಎಂಬ ಸಂಕೇತವನ್ನು ಎಡೆಬಿಡದೆ ದಾಟಿಸುತ್ತಿದ್ದವು. ಗುಳ್ಳೆಯಿಂದ ಹೊರಬಂದ ತತ್ತಿಗೆ ಆ ದನಿ ನಿಂತಿತು. ಅದು ತಾನಾಗಿ ಎಚ್ಚರವಾಯಿತು. 1935ರಲ್ಲಿ ಗ್ರೆಗರಿ ಪಿಂಕಸ್ ಮತ್ತು ಎನ್ಜ್‌ಮನ್ ಮೊಲದ ತತ್ತಿಯಲ್ಲಿ ಇದನ್ನು ಕಂಡರು. ಅರುವತ್ತರ ದಶಕದಲ್ಲಿ ರಾಬರ್ಟ್ ಎಡ್ವರ್ಡ್ಸ್ ಆಸ್ಪತ್ರೆಗಳಿಂದ ಅಂಡಾಶಯದ ಚೂರುಗಳನ್ನು ಬೇಡಿ ತಂದು, ಮನುಷ್ಯರ ತತ್ತಿ ಒಂದೂವರೆ ದಿನಕ್ಕೆ ಹಣ್ಣಾಗುತ್ತದೆಂದು ತೋರಿಸಿದರು. 1978ರ ಜುಲೈ 25ರಂದು ಹುಟ್ಟಿದ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳ ಕಡೆಗೆ ಹೊರಟ ದಾರಿ ಅದು. ಕುರಿಯ ತತ್ತಿಗೆ ಒಂದು ಹಗಲು ಒಂದು ರಾತ್ರಿ ಸಾಕು.

ಆದರೆ ಎಚ್ಚರವಾದ ಈ ತತ್ತಿ ಈಗ ಮೂಕ. ಬೆಳೆದು ಮುಗಿಯುವ ಹೊತ್ತಿಗೆ ಅದರ ಕೋಶಕೇಂದ್ರದಲ್ಲಿ ಡಿಎನ್‌ಎ ಒತ್ತಾಗಿ ಸುತ್ತಿಕೊಂಡು, ಚೀಟಿ ಬರೆಯುವುದನ್ನೇ ನಿಲ್ಲಿಸಿಬಿಟ್ಟಿರುತ್ತದೆ. ಒಲೆ ಆರಿಸಿಯಾಗಿದೆ. ಇನ್ನು ಮೇಲೆ ವರ್ಣತಂತುಗಳನ್ನು ಹಂಚುವುದು, ವೀರ್ಯಾಣುವನ್ನು ಬರಮಾಡಿಕೊಳ್ಳುವುದು, ಒಂದರಿಂದ ಎರಡು, ಎರಡರಿಂದ ನಾಲ್ಕಾಗುವುದು, ಎಲ್ಲಕ್ಕೂ ಕಟ್ಟಿಟ್ಟ ಬುತ್ತಿಯೇ ಗತಿ. ಈ ಮೌನದ ಬಗ್ಗೆ ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿ ಸುಮ್ಮನೆ ಕೂತಿದ್ದೆ. ಮುಂದೆ ಬೇಕಾಗುವುದೆಲ್ಲವನ್ನೂ ಮೊದಲೇ ನೆನೆದು ಬರೆದಿಟ್ಟು, ಆಮೇಲೆ ಒಂದಕ್ಷರವನ್ನೂ ಸೇರಿಸದ ಆ ಕಟ್ಟುನಿಟ್ಟು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಬುತ್ತಿ ಹಳಸದಂತೆ ನೋಡಿಕೊಳ್ಳುವ ಉಪಾಯಗಳೇ ಬೇರೆ. ಆರ್‌ಎನ್‌ಎ ಚೀಟಿಗೆ ಒಂದು ಬಾಲವಿರುತ್ತದೆ, ಅಡೆನಿನ್ ಎಂಬ ಒಂದೇ ಅಕ್ಷರ ಉದ್ದಕ್ಕೂ ಬರೆದ ಬಾಲ. ಬಾಲ ಉದ್ದವಿದ್ದರೆ ಚೀಟಿ ಓದಿಸಿಕೊಂಡು ಪ್ರೋಟೀನಾಗುತ್ತದೆ. ತತ್ತಿ ಬಹಳಷ್ಟು ಚೀಟಿಗಳ ಬಾಲವನ್ನು ಮೊಟಕು ಮಾಡಿ, ಎಂಎಸ್‌ವೈ-2 ಎಂಬ ಪ್ರೋಟೀನಿನಲ್ಲಿ ಸುತ್ತಿ ಮಲಗಿಸುತ್ತದೆ. ಇಲಿಯ ತತ್ತಿಯ ಒಟ್ಟು ಪ್ರೋಟೀನಿನಲ್ಲಿ ನೂರಕ್ಕೆ ಎರಡರಷ್ಟು ಈ ಸುತ್ತುಬಟ್ಟೆಯೇ. ಹೊತ್ತು ಬಂದಾಗ ಬೇಕಾದ ಚೀಟಿಯ ಬಾಲವನ್ನಷ್ಟೇ ಉದ್ದ ಮಾಡಿ ಎಬ್ಬಿಸುತ್ತದೆ. ಮಾಸ್ ಎಂಬ ಪ್ರೋಟೀನಿನ ಚೀಟಿ ಹೀಗೆ ಎದ್ದೇಳುವವುಗಳಲ್ಲಿ ಒಂದು. ತತ್ತಿ ಹಣ್ಣಾದ ಮೇಲೆ ವೀರ್ಯಾಣು ಬರುವವರೆಗೂ ಎರಡನೆಯ ಸಲ ತಡೆದು ನಿಲ್ಲಿಸುವುದು ಅದರ ಕೆಲಸ. ಅದಿಲ್ಲದ ಇಲಿಗಳಲ್ಲಿ ತತ್ತಿ ಕಾಯುವುದನ್ನು ಮರೆತು ತಾನೇ ಒಡೆಯತೊಡಗುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಮೆಲಿನಾ ಶೂ ಅವರ ತಂಡ 2022ರಲ್ಲಿ, ಈ ಚೀಟಿಗಳು ತತ್ತಿಯೊಳಗೆ ಮೈಟೊಕಾಂಡ್ರಿಯಗಳ ಸುತ್ತ ಗುಂಪಾಗಿ ಕೂಡಿರುವ ಉಗ್ರಾಣವನ್ನೇ ಕಂಡಿತು. ಮರುವರ್ಷ ಇನ್ನೊಂದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಶಕಗಳಿಂದ ಕಾಣುತ್ತಿದ್ದ, ಯಾಕಿದೆಯೋ ಸರಿಯಾಗಿ ಯಾರಿಗೂ ಗೊತ್ತಿರದ ಹಂದರಗಳು ಭ್ರೂಣಕ್ಕೆಂದು ಪ್ರೋಟೀನು ಜೋಡಿಸಿಟ್ಟ ನಾಗಂದಿಗೆಗಳೆಂದು ಅದೇ ತಂಡ ತೋರಿಸಿತು. ಆ ನಾಗಂದಿಗೆ ಮುರಿದ ಹೆಂಗಸರಿದ್ದಾರೆ. ಅವರ ತತ್ತಿ ಹಣ್ಣಾಗುತ್ತದೆ, ಫಲಿಸುತ್ತದೆ, ಆದರೆ ಭ್ರೂಣ ಕೆಲವೇ ಕೋಶಗಳಲ್ಲಿ ನಿಂತುಹೋಗುತ್ತದೆ.

ಮಾರನೆಯ ದಿನ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ ತಟ್ಟೆಯ ರೂಪವೇ ಬದಲಾಗಿದೆ. ನಿನ್ನೆ ಒತ್ತಾಗಿ ಮೆತ್ತಿಕೊಂಡಿದ್ದ ಗಸಗಸೆ ಕೋಶಗಳು ಅಂಟುಅಂಟಾದ ಲೋಳೆಯಲ್ಲಿ ಬಿಡಿಬಿಡಿಯಾಗಿ ಹರಡಿ, ನೆನೆದ ಕಾಮಕಸ್ತೂರಿ ಬೀಜದಂತೆ ಉಬ್ಬಿವೆ. ಪಿಪೆಟ್ಟಿನಲ್ಲಿ ಏರಿಸಿ ಇಳಿಸಿ ಅವನ್ನು ಬಿಡಿಸಿದಾಗ ಒಳಗಿನ ತತ್ತಿ ಬೆತ್ತಲಾಗುತ್ತದೆ. ಗಾಜಿನ ಬಳೆಯ ಒಳಗೆ, ತತ್ತಿಯ ಪಕ್ಕದಲ್ಲಿ, ಒಂದು ಸಣ್ಣ ಹನಿ. ಅರ್ಧ ವರ್ಣತಂತುಗಳನ್ನು ಅದಕ್ಕೆ ಕೊಟ್ಟು ಹೊರಗೆ ಹಾಕಿ, ಬುತ್ತಿಯನ್ನೆಲ್ಲ ತಾನೇ ಇಟ್ಟುಕೊಂಡಿದೆ ತತ್ತಿ. ಅವಳು ಬೆರಳಿನಿಂದ ಎಣಿಸುತ್ತ ಐವತ್ತನ್ನು ಮತ್ತೆ ಬೇರೆ ಮಾಡುತ್ತಾಳೆ. ಮಿಕ್ಕವು ಟಗರಿನ ವೀರ್ಯದ ಹನಿಗೆ.

ಈಗ ಆರ್‌ಎನ್‌ಎ ತೆಗೆಯುವ ಕೆಲಸ. ನಮ್ಮ ಬೆರಳ ತುದಿಯಲ್ಲೇ ಅದನ್ನು ತಿನ್ನುವ ಕಿಣ್ವಗಳಿವೆ. ಹಾಗಾಗಿ ಎರಡು ಜೊತೆ ಕೈಗವಸು, ಬಾಯಿಗೆ ಮಾಸ್ಕು, ಮಂಜುಗಡ್ಡೆಯ ಪೆಟ್ಟಿಗೆ, ಮಾತಿಲ್ಲ. ನಾವೂ ಎರಡು ಹೆಜ್ಜೆ ಹಿಂದೆ ನಿಲ್ಲೋಣ. ಕೊಳವೆಯ ತಳದಲ್ಲಿ ಕೊನೆಗೆ ಉಳಿಯುವುದು ಕಣ್ಣಿಗೆ ಏನೂ ಕಾಣದ ಒಂದು ಹನಿ. ಅದನ್ನು ಡಿಎನ್‌ಎ ರೂಪಕ್ಕೆ ತಿರುಗಿಸಿ, 96 ಗುಳಿಗಳ ತಟ್ಟೆಗೆ ತುಂಬಿ, ಯಂತ್ರಕ್ಕಿಟ್ಟರೆ ಸುತ್ತಿಗೊಮ್ಮೆ ಅದು ದುಪ್ಪಟ್ಟಾಗುತ್ತ ಹೋಗುತ್ತದೆ. ಪರದೆಯ ಮೇಲೆ ಮೊದಲು ನೇರ ಗೆರೆ. ಇಪ್ಪತ್ತನೆಯ ಸುತ್ತು ದಾಟಿದ ಮೇಲೆ ಒಂದು ಗೆರೆ ಹೆಡೆಯೆತ್ತುತ್ತದೆ, ಆಮೇಲೆ ಇನ್ನೊಂದು. ಒಂದು ಸುತ್ತು ಮುಂಚೆ ಎದ್ದದ್ದರಲ್ಲಿ ಚೀಟಿಗಳು ಎರಡರಷ್ಟು. ನಿನ್ನೆಯ ತತ್ತಿಗಳ ಗೆರೆ ಮೊದಲು ಏಳುತ್ತದೆ, ಇಂದಿನವು ತಡವಾಗಿ. ಒಂದು ರಾತ್ರಿಯಲ್ಲಿ ಬುತ್ತಿ ಅಷ್ಟು ಖರ್ಚಾಗಿದೆ.

ಒಂದು ಗೆರೆಯ ಬಗ್ಗೆ ಅವಳಿಗೆ ಸಮಾಧಾನವಿಲ್ಲ. ಇಂದಿನ ತತ್ತಿಯಲ್ಲೇ ಅದು ಹೆಚ್ಚು ಕಾಣುತ್ತಿದೆ. ಒಲೆ ಆರಿದ ಮನೆಯಲ್ಲಿ ಹೊಸ ರೊಟ್ಟಿ ಎಲ್ಲಿಂದ ಬರಬೇಕು? ಕೂತು ಯೋಚಿಸಿ ಅವಳೇ ಕಾರಣ ಹಿಡಿದಳು. ಚೀಟಿಗಳನ್ನು ಹಿಡಿಯಲು ಅವಳು ಬಳಸಿದ ಗಾಳ ಬಾಲಕ್ಕೆ ಸಿಕ್ಕುವಂಥದ್ದು. ರಾತ್ರಿ ಬಾಲ ಉದ್ದವಾದ ಚೀಟಿ ಗಾಳಕ್ಕೆ ಸುಲಭವಾಗಿ ಬಿದ್ದಿದೆ, ನಿನ್ನೆಯ ಮೊಂಡುಬಾಲದ್ದು ತಪ್ಪಿಸಿಕೊಂಡಿತ್ತು. ಬಾಲ ನೋಡದೆ ಎಲ್ಲೆಂದರಲ್ಲಿ ಹಿಡಿಯುವ ಇನ್ನೊಂದು ಗಾಳ ಹಾಕಿ ಮತ್ತೆ ಮಾಡಬೇಕು. ಮತ್ತೆ ಎಂದರೆ ಮತ್ತೆ ಕಸಾಯಿಖಾನೆ, ಮತ್ತೆ ಐವತ್ತು, ಮತ್ತೆ ಐವತ್ತು.

ಚೀಟಿ ಎಣಿಸಿದ ಮಾತ್ರಕ್ಕೆ ಅಡುಗೆ ಎಣಿಸಿದಂತಾಗುವುದಿಲ್ಲ, ತತ್ತಿಯಲ್ಲಂತೂ ಇಲ್ಲವೇ ಇಲ್ಲ. ಆರ್‌ಎನ್‌ಎಯನ್ನು ಹೀಗೆ ದುಪ್ಪಟ್ಟು ಮಾಡುತ್ತ ಹೋಗಬಹುದು. 2009ರಲ್ಲಿ ಕೇಂಬ್ರಿಜ್‌ನ ಅಜೀಂ ಸುರಾನಿ ಅವರ ತಂಡ ಇಲಿ ಭ್ರೂಣದ ಒಂದೇ ಒಂದು ಕೋಶದಿಂದ ಅದರ ಚೀಟಿಗಳನ್ನೆಲ್ಲ ಓದಿತು. ಪ್ರೋಟೀನನ್ನು ಹಾಗೆ ದುಪ್ಪಟ್ಟು ಮಾಡುವ ಯಂತ್ರವಿಲ್ಲ, ಇದ್ದಷ್ಟರಲ್ಲೇ ಅಳೆಯಬೇಕು. 2010ರಲ್ಲಿ ಚೀನಾದ ಸಂಶೋಧಕರು ಬೇರೆ ಬೇರೆ ಹಂತಗಳ ಏಳು ಸಾವಿರ ಇಲಿ ತತ್ತಿಗಳನ್ನು ಕೂಡಿಸಿದರು. ಎಳೆಯ ತತ್ತಿಯಲ್ಲಿ 2,781, ಹಣ್ಣಾದದ್ದರಲ್ಲಿ 2,973, ಫಲಿತವಾದದ್ದರಲ್ಲಿ 2,082 ಬಗೆಯ ಪ್ರೋಟೀನುಗಳು ಸಿಕ್ಕವು. ಏಳು ಸಾವಿರ ತತ್ತಿಗಳನ್ನು ಒಂದೊಂದಾಗಿ ಪಿಪೆಟ್ಟಿನಲ್ಲಿ ಎತ್ತಿದ ಆ ಕೈಗಳನ್ನು ನಾನು ಮನಸ್ಸಿನಲ್ಲೇ ಕಾಣಲು ಯತ್ನಿಸುತ್ತೇನೆ.

ವೀರ್ಯದ ಹನಿಯಲ್ಲಿಟ್ಟ ತತ್ತಿಗಳತ್ತ ಆ ದಿನ ಯಾರೂ ಮುಖ ಹಾಕುವುದಿಲ್ಲ. ವೀರ್ಯಾಣು ಒಳಹೊಕ್ಕ ಕೂಡಲೇ ತತ್ತಿ ಕೋಟಿಗಟ್ಟಲೆ ಸತುವಿನ ಪರಮಾಣುಗಳನ್ನು ಒಮ್ಮೆಲೇ ಹೊರಚೆಲ್ಲುತ್ತದೆ. 2011ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಇಲಿಯ ತತ್ತಿಗೆ ಸತು ತೋರಿಸುವ ಬಣ್ಣ ಹಾಕಿ ನೋಡಿದಾಗ ಅದು ಕಿಡಿ ಹಾರಿದಂತೆ ಕಂಡಿತ್ತು. ಅದರ ಹಿಂದೆಯೇ ಬುತ್ತಿಯ ಬಟ್ಟೆ ಬಿಚ್ಚುವ ಕೆಲಸ. ಓದಿ ಮುಗಿದ ಚೀಟಿಗಳನ್ನು ಭ್ರೂಣ ಉಳಿಸಿಕೊಳ್ಳುವುದಿಲ್ಲ, ಹುಡುಕಿ ಹುಡುಕಿ ನಾಶ ಮಾಡುತ್ತದೆ. ಎರಡು ಕೋಶವಾಗುವಷ್ಟರಲ್ಲಿ ಇಲಿ ಭ್ರೂಣದಲ್ಲಿ ತಾಯಿ ಬರೆದ ಚೀಟಿಗಳು ನೂರರಲ್ಲಿ ತೊಂಬತ್ತು ಹೋಗಿರುತ್ತವೆ, ಅಷ್ಟರಲ್ಲಿ ಅದು ತನ್ನದೇ ಒಲೆ ಹೊತ್ತಿಸಿರುತ್ತದೆ. ಮನುಷ್ಯರಲ್ಲಿ ಒಲೆ ಹೊತ್ತುವುದು ನಾಲ್ಕರಿಂದ ಎಂಟು ಕೋಶಗಳ ಹೊತ್ತಿಗೆ. ಕುರಿಯಲ್ಲಿ ಇನ್ನೂ ತಡ, ಎಂಟರಿಂದ ಹದಿನಾರಕ್ಕೆ. ಲ್ಯಾಬಿನ ತಟ್ಟೆಗಳಲ್ಲಿ ಬೆಳೆಯುವ ಕುರಿ ಭ್ರೂಣಗಳಲ್ಲಿ ಬಹಳಷ್ಟು ಸರಿಯಾಗಿ ಇಲ್ಲೇ ಎಡವುತ್ತವೆ. ಬುತ್ತಿ ತೀರಿದೆ, ಒಲೆ ಹೊತ್ತಿಲ್ಲ.

ಐದನೆಯ ದಿನ ನಾನು ಬೆಳಿಗ್ಗೆಯೇ ಹೋದೆ. ಅವಳು ಆಗಲೇ ಕಸಾಯಿಖಾನೆಗೆ ಹೋಗಿ ಬಂದು, ಥರ್ಮಾಸು ತೊಳೆದು ಬೋರಲು ಹಾಕಿದ್ದಳು. ಗಂಬೂಟಿನಿಂದ ಇನ್ನೂ ನೀರು ಸೋರುತ್ತಿತ್ತು. ಇನ್‌ಕ್ಯುಬೇಟರಿನಿಂದ ತಟ್ಟೆ ತೆಗೆದು ಮಣೆಯ ಮೇಲಿಟ್ಟು ಬಗ್ಗಿದಳು. ಹನಿಯಲ್ಲಿ ಹನ್ನೊಂದು. ನಾಲ್ಕು ಹದಿನಾರಕ್ಕೆ ದಾಟಿ, ಬಿಗಿಯಾಗಿ ಕೂಡಿಕೊಂಡ ನೇರಳೆ ಹಣ್ಣಿನ ಗೊಂಚಲಿನಂತಿದ್ದವು. ಆರು ಎಂಟರಲ್ಲೇ ನಿಂತು, ಅಂಚು ಮಸುಕಾಗಿ, ನಡುನಡುವೆ ಚೂರುಗಳಾಗಿದ್ದವು. ಉಳಿದ ಒಂದರ ಮುಂದೆ ಅವಳು ತಡೆದು ನಿಂತಳು. ಫೋಕಸಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಮೇಲಿನ ಸಾಲು, ಕೆಳಗಿನ ಸಾಲು ಎಣಿಸಿದಳು. ಎಂಟು. ಮತ್ತೆ ಎಣಿಸಿದಳು. ಒಂಬತ್ತು. ಎದ್ದು ನನಗೆ ಜಾಗ ಬಿಟ್ಟು, "ಹತ್ತನೇದು ಈಗ ಒಡೀಲಿಕ್ಕತ್ತೈತ್ರಿ ಸರ," ಎಂದಳು. ನಾನು ಉಸಿರು ಬಿಗಿಹಿಡಿದು ನೋಡಿದೆ. ನಡುವಿನ ಒಂದು ಕೋಶಕ್ಕೆ ಸೊಂಟದಲ್ಲಿ ತೆಳ್ಳಗೆ ಗೆರೆ ಬಿದ್ದಿತ್ತು. ಹೆಚ್ಚು ಹೊತ್ತು ಹೊರಗಿಡುವಂತಿರಲಿಲ್ಲ. ಅವಳು ತಟ್ಟೆಗೆ ಮುಚ್ಚಳ ಹಾಕಿ, ಹನಿ ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಗಿಟ್ಟು, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿದಳು.